ನಿಡಘಟ್ಟದ ತಾಯಿಯ ಇಂಗ್ಲಿಷ್ ಅರ್ಜಿ

ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾನು ಮದ್ದೂರು ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕುಳಿತು ಅರ್ಜಿ ಬರೆದುಕೊಡುತ್ತಿದ್ದೆ. ಕನ್ನಡದಲ್ಲಿ ಬರೆಯುವವರು ಅಲ್ಲಿ ಮೂವರಿದ್ದರು. ಇಂಗ್ಲಿಷಿಗೆ ನಾನೊಬ್ಬನೇ. ನನ್ನ ಬಳಿ ಒಂದು ಹಳೆಯ ಟೈಪ್‌ರೈಟರಿತ್ತು. ಅದರ ರಿಬ್ಬನ್ನು ಎಲ್ಲೂ ಸಿಗದ ಕಾಲ. ಒಣಗಿದ ರಿಬ್ಬನ್ನಿಗೆ ಒಂದೊಂದು ಹನಿ ಎಣ್ಣೆ ಸವರಿ ಮತ್ತೆ ಸುತ್ತಿ ಹಾಕುತ್ತಿದ್ದೆ.

ನನ್ನ ಇಂಗ್ಲಿಷಿನ ಬಗ್ಗೆ ನನಗೆ ಬಹಳ ಜಂಬವಿತ್ತು. ಕೊತ್ತತ್ತಿಯ ಒಕ್ಕಲು ಮನೆಯಿಂದ ಹೈಸ್ಕೂಲು ಮುಗಿಸಿದ ಮೊದಲನೆಯವನು ನಾನು. ಮನೆಯಲ್ಲಿ ಆಡುವ ಮಾತು ಒರಟು ಎಂದು ನನಗೆ ಒಳಗೊಳಗೇ ನಾಚಿಕೆ. ಆ ಒರಟನ್ನೆಲ್ಲ ಇಂಗ್ಲಿಷಿನಲ್ಲಿ ತೊಳೆದುಕೊಳ್ಳುತ್ತಿದ್ದೆ ಎಂದರೆ ಸರಿಯಾದೀತು. ಉದ್ದನೆಯ ಪದ ಸಿಕ್ಕರೆ ಚಿಕ್ಕದನ್ನು ಮುಟ್ಟುತ್ತಿರಲಿಲ್ಲ. ಬಂದ ರೈತರಿಗೂ ಅದೇ ಬೇಕಾಗಿತ್ತು. ಬರೆದಾದ ಮೇಲೆ ಗಟ್ಟಿಯಾಗಿ ಓದಿಸಿಕೊಳ್ಳುವರು. ಒಂದಕ್ಷರ ತಿಳಿಯದಿದ್ದರೂ ತಲೆದೂಗಿ, "ಜೋರಾಗದೆ ಕಣಪ್ಪ, ಕಳುಸ್ಬುಡು" ಎನ್ನುವರು.

ಹುಲ್ಲಿನ ಮೆದೆ ಹಾಕುವ ಕಾಲದಲ್ಲಿ ಒಂದು ಬೆಳಿಗ್ಗೆ ನಿಡಘಟ್ಟದಿಂದ ಒಬ್ಬ ಹೆಂಗಸು ನಡೆದುಕೊಂಡು ಬಂದಳು. ಐವತ್ತರ ಆಸುಪಾಸು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು, ಕಾಲು ಮೊಣಕಾಲಿನವರೆಗೂ ಧೂಳು. ಜಗಲಿಯ ಮೆಟ್ಟಿಲ ಮೇಲೆ ಕುಳಿತು, ನಾನು ಕೇಳುವ ಮೊದಲೇ ಶುರುಮಾಡಿದಳು.

"ನನ್ ಮಗ ಬೆಂಗ್ಳೂರ್ ದಂಡಲ್ಲಿ ಮಿಲ್ಟ್ರಿ ಲಾರಿ ಓಡುಸ್ತನೆ ಕಣಪ್ಪ. ಹತ್ ದಿನ ರಜ ತಕ್ಕಂಡ್ ಬಂದಿದ್ದ. ಬಂದ ಎಂಟ್ನೇ ದಿನ್ಕೆ ಅವ್ರಪ್ಪಂಗೆ ಜರ ಬಂತು. ಮೇಲೇಳ್ನಿಲ್ಲ. ಮನೇಲಿ ಇನ್ನೊಂದ್ ಗಂಡಾಳಿಲ್ಲ. ಇವ್ನು ನಾಳಿಕ್ ಒಯ್ತೀನಿ, ನಾಳಿಕ್ ಒಯ್ತೀನಿ ಅಂತ್ಲೇ ಇದ್ದ, ಜರ ಬುಡ್ನಿಲ್ಲ. ಸಂಜೆ ಆದ್ರೆ ಬೂಟ್ ವರುಸ್ಕಂಡ್ ಬಾಗ್ಲತ್ರ ಮಡಗೋನು. ಜರ ಬುಟ್ ದಿನ ಬಟ್ಟೆ ಒಗ್ದು ಬೇಲಿ ಮ್ಯಾಲ್ ಆಕಿದ್ದ, ಬೆಳಿಗ್ಗೆ ಒಂಡಾನ ಅಂತ. ಅವತ್ತೇ ಮಿಲ್ಟ್ರಿ ಪೋಲೀಸ್ನೋರು ಬಂದ್ ಇಡ್ಕಂಡೋದ್ರು. ಬಟ್ಟೆ ಇನ್ನೂ ಒಣಗಿರ್ನಿಲ್ಲ. ಒದ್ದೆ ಬಟ್ಟೇಲೇ ಓದ."

ಮಗನಿದ್ದ ಲಾರಿ ಕಂಪನಿಯ, ಅಂದರೆ ದಂಡಿನ ಆ ತುಕಡಿಯ, ಮೇಲಿನವನು ಒಬ್ಬ ಇಂಗ್ಲಿಷ್ ಅಧಿಕಾರಿ. ಅವನಿಗೆ ಒಂದು ಕಾಗದ ಹೋಗಬೇಕು. ಅಷ್ಟೇ ಅವಳ ಕೋರಿಕೆ.

ನಾನು ಅರ್ಧ ಗಂಟೆಯಲ್ಲಿ ಅರ್ಜಿ ಟೈಪು ಮಾಡಿದೆ. ಎರಡು ಹಾಳೆ ತುಂಬ. ಮೊದಲ ಸಾಲೇ 'ಮೋಸ್ಟ್ ಹಂಬ್ಲಿ ಅಂಡ್ ರೆಸ್ಪೆಕ್ಟ್‌ಫುಲಿ' ಎಂದು ಹೊರಟು, ಅಧಿಕಾರಿಯ ಪಾದಕಮಲಗಳನ್ನು ಮುಟ್ಟಿ, ಅವನನ್ನು ಕರುಣೆಯ ಸಮುದ್ರ ಎಂದು ಕರೆದು, ಆರನೇ ಸಾಲಿಗೆ ವಿಷಯಕ್ಕೆ ಬರುತ್ತಿತ್ತು. ಬೂಟು, ಬೇಲಿ, ಒದ್ದೆ ಬಟ್ಟೆ ಇವನ್ನೆಲ್ಲ ಬಿಟ್ಟೆ. ದೊಡ್ಡ ಅಧಿಕಾರಿಗೆ ಹಳ್ಳಿಯ ಬೇಲಿಯ ಮಾತು ಬರೆಯುವುದುಂಟೆ? ಮಗ ದಂಡಿಗೆ ಹಿಂತಿರುಗಲಿಲ್ಲ ಎನ್ನಲು ನನಗೆ ಬಹಳ ಒಗ್ಗಿದ್ದ ಒಂದು ಪದ ಹಾಕಿದೆ: 'ಆಬ್‌ಸ್ಕಾಂಡೆಡ್'. ಸಮನ್ಸು ಹಿಡಿದು ಹೋದಾಗ ಆಳು ಮನೆಯಲ್ಲಿಲ್ಲದಿದ್ದರೆ ಕಚೇರಿಯ ಕಾಗದಗಳಲ್ಲಿ ಹಾಗೆಯೇ ಬರೆಯುತ್ತಿದ್ದರು. ಇಲ್ಲ ಎನ್ನುವುದಕ್ಕೆ ಗೌರವದ ಪದ ಅದು ಎಂದು ನಾನು ತಿಳಿದಿದ್ದೆ. ಆ ತಾಯಿ ಹೆಬ್ಬೆಟ್ಟು ಒತ್ತಿದಳು. ಅರ್ಜಿ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು.

ಎಂಟು ದಿನಕ್ಕೆ ಉತ್ತರ ಬಂತು. ಮೂರೇ ಸಾಲು. ಚಾಲಕನು ಆಬ್‌ಸ್ಕಾಂಡ್ ಆದನೆಂದು ಅವನ ತಾಯಿಯೇ ತಿಳಿಸಿರುವುದನ್ನು ಗಮನಿಸಲಾಗಿದೆ. ಆ ಪತ್ರವನ್ನು ಮೊಕದ್ದಮೆಯ ಕಾಗದಗಳ ಜೊತೆ ಸೇರಿಸಲಾಗಿದೆ. ವಿಚಾರಣೆ ಇಂದಿಗೆ ಮೂರು ವಾರಕ್ಕೆ.

ನನಗೆ ಆ ಸಾಲುಗಳು ಸರಿ ಕಾಣಲಿಲ್ಲ. ಎದುರಿನ ಕೋರ್ಟಿನಲ್ಲಿ ಒಬ್ಬ ಹಿರಿಯ ವಕೀಲರಿದ್ದರು. ಎರಡೂ ಕಾಗದ ಅವರ ಮುಂದಿಟ್ಟೆ. ಓದಿ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಏನಯ್ಯಾ, ಇದು ಅರ್ಜಿಯೋ ತಪ್ಪೊಪ್ಪಿಗೆಯೋ? ರಜ ಮೀರಿ ಉಳಿದದ್ದು ಒಂದು ತಪ್ಪು. ನೀನು ಬರೆದ ಪದದ ಹಾಗೆ ತಲೆತಪ್ಪಿಸಿಕೊಂಡು ಓಡಿಹೋದದ್ದು ಬೇರೆ ತಪ್ಪು. ಮೊದಲನೆಯದಕ್ಕೆ ಕೆಲವು ದಿನ ಕೂಡಿಹಾಕಿ ಬಿಡುತ್ತಾರೆ. ಎರಡನೆಯದಕ್ಕೆ, ಅದೂ ಯುದ್ಧದ ಕಾಲದಲ್ಲಿ, ವರ್ಷಗಟ್ಟಲೆ ಜೈಲು. ವಾಪಸು ಹೋಗುವ ಮನಸ್ಸು ಅವನಿಗಿತ್ತೋ ಇಲ್ಲವೋ, ಅದೊಂದೇ ಅಲ್ಲಿ ಪ್ರಶ್ನೆ. ನೀನು ಅವನ ಹೆತ್ತತಾಯಿಯ ಬಾಯಲ್ಲಿ ಇಲ್ಲ ಅನ್ನಿಸಿಬಿಟ್ಟೆಯಲ್ಲ."

ಅವತ್ತು ಮಧ್ಯಾಹ್ನ ನಾನು ಊಟಕ್ಕೆ ಏಳಲಿಲ್ಲ. ಯಂತ್ರದ ಮುಂದೆ ಕುಳಿತು ಇನ್ನೊಂದು ಅರ್ಜಿ ಶುರುಮಾಡಿದೆ, ಹರಿದೆ. ಮತ್ತೊಂದು ಶುರುಮಾಡಿದೆ. ಯಾವ ಪದ ಮುಟ್ಟಿದರೂ ಅದರ ಹೊಟ್ಟೆಯೊಳಗೆ ಇನ್ನೇನಿದೆಯೋ ಎಂಬ ಭಯ. ಸಂಜೆ ವಕೀಲರೇ ಹೋಗುವಾಗ ನಿಂತು ಹೇಳಿದರು. ಮಳವಳ್ಳಿಯಲ್ಲಿ ಒಂದು ಸಣ್ಣ ಮಿಷನ್ ದವಾಖಾನೆ ಇದೆ, ಅಲ್ಲೊಬ್ಬ ವಯಸ್ಸಾದ ಇಂಗ್ಲಿಷ್ ನರ್ಸಮ್ಮ ಇದ್ದಾರೆ. "ಅವರ ಕಿವಿಗೆ ಹಾಕಿ ನೋಡು. ನಮ್ಮ ಕಿವಿಗೆ ಗೊತ್ತಾಗೋದಲ್ಲ ಇದು."

ಮರುದಿನ ಮಳವಳ್ಳಿ ಬಸ್ಸು ಹತ್ತಿದೆ. ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು. ಪ್ರತಿ ಏರಿನಲ್ಲೂ ಇಳಿದು ತಳ್ಳಬೇಕು. ತಳ್ಳುತ್ತಲೇ ನಾನು ನರ್ಸಮ್ಮನಿಗೆ ಹೇಳಬೇಕಾದ ಇಂಗ್ಲಿಷ್ ಭಾಷಣವನ್ನು ಬಾಯಿಪಾಠ ಮಾಡಿದೆ.

ದವಾಖಾನೆ ಎಂದರೆ ಎರಡು ಹೆಂಚಿನ ಕೋಣೆ, ಮುಂದೆ ಒಂದು ಬೇವಿನ ಮರ. ನರ್ಸಮ್ಮ ಒಬ್ಬ ಮುದುಕನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದರು. ಬಿಳಿಯ ಕೂದಲು, ಬಿಸಿಲಿಗೆ ಕೆಂಪಾದ ಮುಖ. ನಾನು ಕೈಮುಗಿದು ನನ್ನ ಭಾಷಣ ಒಪ್ಪಿಸಿದೆ. ತಡವರಿಸಲೂ ಇಲ್ಲ. ಮುಗಿದ ಮೇಲೆ ಅವರು ಪಟ್ಟಿಯ ಗಂಟು ಹಾಕಿ, ತಲೆಯೆತ್ತಿ ನೋಡಿದರು.

"ನೀನೇನ್ ಯೋಳ್ದೆ ಅಂತ ಒಂದೂ ತಿಳೀನಿಲ್ಲ ಕಣಪ್ಪ. ಕನ್ನಡ್ದಲ್ಲೇ ಯೋಳು."

ನಾನು ಬೆಪ್ಪಾದೆ. ಇಪ್ಪತ್ತು ವರ್ಷ ಮಳವಳ್ಳಿಯ ಹಳ್ಳಿಗರ ಹುಣ್ಣು, ಜ್ವರ, ಹೆರಿಗೆ ನೋಡಿದವರು ಅವರು. ರೋಗಿಗಳ ಬಾಯಿಂದಲೇ ಕನ್ನಡ ಕಲಿತಿದ್ದರು. ಕಣ್ಣು ಮುಚ್ಚಿಕೊಂಡು ಕೇಳಿದರೆ ನಮ್ಮ ಅಜ್ಜಿ ಮಾತಾಡಿದ ಹಾಗೆ.

ನಡೆದದ್ದೆಲ್ಲ ಕನ್ನಡದಲ್ಲಿ ಹೇಳಿದೆ. ನನ್ನ ಅರ್ಜಿಯ ಕಾರ್ಬನ್ ಪ್ರತಿ ಕೊಟ್ಟೆ. ಓದುತ್ತ ಮೊದಲ ಹಾಳೆಯಲ್ಲಿ ಅವರಿಗೆ ನಗು ತಡೆಯಲಿಲ್ಲ. ಎರಡನೇ ಹಾಳೆಯ ನಡುವೆ ನಗು ನಿಂತಿತು. ಆ ಪದದ ಮೇಲೆ ಬೆರಳಿಟ್ಟರು.

"ಇದ್ನ ಆ ತಾಯಿ ಅಂದ್ಲಾ?"

"ಇಲ್ಲ."

"ಮತ್ತ್ಯಾರಂದ್ರು?"

"ನಾನು."

ಅವರು ಬೈಯಲಿಲ್ಲ. ಆ ಪದ ಇಂಗ್ಲೆಂಡಿನಲ್ಲಿ ಯಾರಿಗೆ ಬಳಸುತ್ತಾರೆ ಎಂದು ಮೆಲ್ಲಗೆ ಹೇಳಿದರು: ಗಂಟು ಕದ್ದುಕೊಂಡು ಓಡಿಹೋದವನಿಗೆ. ಆಮೇಲೆ ಮಿಕ್ಕ ಸಾಲುಗಳ ಮಾತು ಬಂತು. ತಪ್ಪೇನು ಎಂದು ನಾನು ವಾದಿಸಿದೆ. ವ್ಯಾಕರಣ ಎಲ್ಲೂ ಕೆಟ್ಟಿಲ್ಲವಲ್ಲ? ಅವರು ಒಳಕೋಣೆಯ ಕಡೆ ತಿರುಗಿ, ಔಷಧಿ ಅರೆಯುತ್ತಿದ್ದ ಕಾಂಪೌಂಡರನ್ನು ಗಟ್ಟಿಯಾಗಿ ಕರೆದರು: "ಎಲೈ ಮಹನೀಯರೇ, ಕೃಪೆಯಿಟ್ಟು ಲವಣವನ್ನು ದಯಪಾಲಿಸುವಂಥವರಾಗಿ."

ಕಾಂಪೌಂಡರು ಕುಟ್ಟಾಣಿ ಹಿಡಿದೇ ಬಾಗಿಲಿಗೆ ಬಂದರು. "ಏನಾಯ್ತು ನರ್ಸಮ್ಮ? ಉಸಾರಾಗಿದ್ದೀರಾ?"

ನಾನು ನಕ್ಕುಬಿಟ್ಟೆ.

"ವ್ಯಾಕ್ರಣ ಕೆಟ್ಟದಾ?" ಎಂದು ಕೇಳಿದರು.

ಕೆಟ್ಟಿರಲಿಲ್ಲ. ಅಷ್ಟು ಹೊತ್ತಿಗೆ ನನಗೆ ನನ್ನ ಎರಡು ಹಾಳೆ ಆ ಅಧಿಕಾರಿಗೆ ಹೇಗೆ ಕೇಳಿಸಿರಬೇಕೆಂದು ಗೊತ್ತಾಗಿ ಕಿವಿ ಬಿಸಿಯಾಯಿತು.

ನೀವೇ ಬರೆದುಕೊಡಿ ಎಂದು ಬೇಡಿದೆ. ಅವರು ಒಪ್ಪಲಿಲ್ಲ. ಆ ತಾಯಿಯನ್ನು ನೋಡಿದವನು ನೀನು, ಅವಳು ಹೇಳಿದ್ದನ್ನು ಕೇಳಿದವನೂ ನೀನು, ನಾನು ಬರೆದರೆ ನರ್ಸಮ್ಮನ ಕಾಗದವಾಗುತ್ತದೆ ಎಂದರು. ಮೊದಲು ಹೋಗಿ ಅವಳು ಹೇಳುವುದನ್ನು ಹೇಳಿದ ಹಾಗೇ ಕನ್ನಡದಲ್ಲಿ ಬರೆದುಕೊಂಡು ಬಾ, ಒಂದು ಮಾತೂ ತಿದ್ದಬೇಡ ಎಂದು ಕಳಿಸಿದರು.

ನಿಡಘಟ್ಟದಲ್ಲಿ ಆ ಮನೆಯ ಹಟ್ಟಿಯಲ್ಲಿ ಚಾಪೆ ಹಾಕಿ ಕೂರಿಸಿದರು. ಗಂಡ ಗೋಡೆಗೊರಗಿ ಕುಳಿತಿದ್ದ. ಜ್ವರ ಬಿಟ್ಟಿದ್ದರೂ ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ಮೊದಲು ನನ್ನ ತಪ್ಪು ಹೇಳಬೇಕಾಗಿತ್ತು, ಹೇಳಿದೆ. ನಾನು ಬರೆದ ಒಂದು ಪದದಿಂದ ನಿನ್ನ ಮಗನಿಗೆ ತೊಂದರೆ ಹೆಚ್ಚಿದೆ, ಅವನು ಓಡಿಹೋದ ಎಂದು ನೀನೇ ಹೇಳಿದ ಹಾಗಾಗಿದೆ ಎಂದೆ. ಅವಳು ಮೊರದಲ್ಲಿದ್ದ ಅವರೆಕಾಯಿಯನ್ನು ಬಿಡಿಸುತ್ತಿದ್ದಳು. ಕೈ ನಿಂತಿತು. ಗಂಡ ಕ್ಷೀಣವಾಗಿ, "ಓದ್ದೋರ್ ತಾವ್ಕೇ ಓಗಿದ್ಯಲ್ಲಮ್ಮಿ" ಎಂದ.

"ಸುಮ್ಕಿರು ನೀನು," ಎಂದಳು ಗಂಡನಿಗೆ. ನನ್ನ ಕಡೆ ತಿರುಗಿ, "ಗೊತ್ತಿಲ್ದೆ ಬರ್ದೆ. ಈಗ್ ಗೊತ್ತಾಯ್ತಲ್ಲ, ನೆಟ್ಟಗ್ ಬರಿ" ಎಂದಳು. ಅಷ್ಟೇ. ಅದಕ್ಕಿಂತ ನಾಲ್ಕು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವಳು ಮತ್ತೆ ಎಲ್ಲ ಹೇಳಿದಳು. ನಾನು ಸೀಸದಕಡ್ಡಿಯಲ್ಲಿ ಬರೆದುಕೊಂಡೆ, ಒಯ್ತೀನಿ ಎಂದರೆ ಒಯ್ತೀನಿ, ಮಡಗೋನು ಎಂದರೆ ಮಡಗೋನು. ಕೊನೆಯಲ್ಲಿ ಒಂದು ಮಾತು ಹೊಸದಾಗಿ ಸೇರಿಸಿದಳು: "ಒಂದ್ ಕಾಗ್ದ ಬರ್ದಾಕ್ಬೇಕಾಗಿತ್ತು ಅವ್ನು, ಬರೀನಿಲ್ಲ. ಅದು ತಪ್ಪೇ. ಅದಕ್ಕೆ ಚೆಂದಾಗ್ ಬೈಲಿ. ಬೇಕಾರೆ ಎಲ್ಡ್ ಏಟಾಕ್ಲಿ. ಜೈಲ್ಗಾಕ್ಬ್ಯಾಡ ಅನ್ನು."

ಅಲ್ಲಿಂದ ಮಳವಳ್ಳಿಗೆ ಹೋಗಿ ಎರಡು ದಿನ ದವಾಖಾನೆಯ ಬೆಂಚಿನ ಮೇಲೆ ಕುಳಿತೆ. ಕೆಲಸ ನಡೆದದ್ದು ಹೀಗೆ. ನಾನು ಒಂದು ಸಾಲು ಇಂಗ್ಲಿಷಿನಲ್ಲಿ ಬರೆದು ಗಟ್ಟಿಯಾಗಿ ಓದಬೇಕು. ನರ್ಸಮ್ಮ ನನಗೆ ಬೆನ್ನು ಮಾಡಿ ಬೀರುವಿನ ಮುಂದೆ ನಿಂತು ಸೀಸೆಗಳಿಗೆ ಔಷಧಿ ತುಂಬುವರು. ಅವರ ಕೈ ಓಡುತ್ತಿದ್ದರೆ ಸಾಲು ಸರಿ. ಕೈ ನಿಂತರೆ ಎಲ್ಲೋ ಎಡವಿದೆ. ಕಣ್ಣಿಂದ ಓದಿದರೆ ಅರ್ಥ ಮಾಡಿಕೊಂಡುಬಿಡುತ್ತೇನೆ, ಕಿವಿ ಹಾಗೆಲ್ಲ ಬಿಟ್ಟುಕೊಡುವುದಿಲ್ಲ ಎನ್ನುತ್ತಿದ್ದರು. ರೋಗಿ ಬಂದರೆ ಕೆಲಸ ನಿಲ್ಲುತ್ತಿತ್ತು. ಒಮ್ಮೆ ಒಂದು ಹೆರಿಗೆಗೆ ಹೋದವರು ಮೂರು ಗಂಟೆ ಬರಲಿಲ್ಲ.

ಮೊದಲ ದಿನ ಕೈ ನಿಂತದ್ದೇ ಹೆಚ್ಚು. ತಂದೆ 'ಈಸ್ ಹ್ಯಾವಿಂಗ್ ಫೀವರ್' ಎಂದೆ, ನಿಂತಿತು. ಬೂಟನ್ನು ದಿನವೂ 'ವಿತೌಟ್ ಫೇಲ್' ಒರೆಸುತ್ತಿದ್ದ ಎಂದೆ, ನಿಂತಿತು. "ಅದು ನಾನ್ ಔಸ್ತಿ ಚೀಟೀಲಿ ಬರೆಯೋ ಮಾತು," ಎಂದರು. ಫೀವರ್ ಎಂಬುದಕ್ಕೆ ಮುಂಚೆ 'ದ' ಎಂಬ ಪುಟ್ಟ ಪದ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದಕ್ಕೆ ನಾನು ನಿಯಮ ಕೇಳಿದೆ. ಅವರು ತಲೆ ಕೆರೆದುಕೊಂಡು, "ನಂಗೂ ಗೊತ್ತಿಲ್ಲ ಕಣಪ್ಪ. ಇಲ್ದಿದ್ರೆ ಕಾಲೊಂದ್ ಗಿಡ್ಡ ಆದಂಗ್ ಕೇಳ್ತದೆ" ಎಂದರು.

ಬಹಳ ಸತಾಯಿಸಿದ್ದು ಒಂದು ಸಾಲು. ಒಯ್ತೀನಿ ಅಂತ್ಲೇ ಇದ್ದ, ಜರ ಬುಡ್ನಿಲ್ಲ. ವಕೀಲರು ಹೇಳಿದ್ದ ಮನಸ್ಸಿನ ಪ್ರಶ್ನೆ ಇರುವುದೇ ಇಲ್ಲಿ. 'ಇಂಟೆನ್ಷನ್' ಹಾಕಿ ನಾಲ್ಕು ತರಹ ಬರೆದೆ. ನಾಲ್ಕಕ್ಕೂ ಕೈ ನಿಂತಿತು. ಕೊನೆಗೆ ನರ್ಸಮ್ಮ ತಿರುಗಿ, ಅವಳ ಕನ್ನಡವನ್ನೇ ಓದು ಎಂದರು. ಓದಿದೆ. ಅವರು ಸೀಸೆ ಕೆಳಗಿಟ್ಟು ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು: "ಹೀ ಮೆಂಟ್ ಟು ಗೋ. ದ ಫೀವರ್ ಡಿಡ್ ನಾಟ್ ಲೆಟ್ ಹಿಮ್."

'ಮೆಂಟ್' ಎಂಬುದರ ಮೂಲ 'ಮೀನ್', ಅದಕ್ಕೆ ಅರ್ಥ ಕೊಡುವುದು ಎಂದಷ್ಟೇ ನನಗೆ ಗೊತ್ತಿತ್ತು. ಮನಸ್ಸಿನಲ್ಲಿತ್ತು ಎನ್ನುವುದಕ್ಕೂ ಅದೇ ಪುಟ್ಟ ಪದ ಸಾಕು ಎಂದು ಹೈಸ್ಕೂಲಿನ ಯಾವ ಪುಸ್ತಕವೂ ಹೇಳಿರಲಿಲ್ಲ. ಆ ಸಾಲು ನನಗೆ ವಿಚಿತ್ರವಾಗಿ ಪರಿಚಿತವೆನಿಸಿತು. ಕೊತ್ತತ್ತಿಯಲ್ಲಿ ನಮ್ಮ ದೊಡ್ಡಪ್ಪ ಹೀಗೇ ಮಾತಾಡುವುದು. ಹೇಳಬೇಕಾದದ್ದನ್ನು ಎದುರಿಗಿಟ್ಟು ಸುಮ್ಮನಾಗುವುದು. ನಾನು ಇಷ್ಟು ವರ್ಷ ಬಿಟ್ಟು ಓಡುತ್ತಿದ್ದ ಮಾತಿನ ಗತಿಯೇ ಇಂಗ್ಲಿಷಿಗೆ ಹತ್ತಿರವಾಗಿತ್ತು. ಎರಡನೇ ದಿನ ನಾನು ಮೊದಲು ಕನ್ನಡದ ಸಾಲನ್ನು ತುಟಿಯಲ್ಲಿ ಆಡಿ, ಅದೇ ಉಸಿರಿನಲ್ಲಿ ಇಂಗ್ಲಿಷ್ ಬರೆದೆ. ಸೀಸೆಗಳು ಬೇಗ ಬೇಗ ತುಂಬಿದವು.

ಒಂದು ಕಡೆ ಮಾತ್ರ ನಾವಿಬ್ಬರೂ ಜಗಳವಾಡಿದೆವು. ಬೈಲಿ, ಎರಡು ಏಟು ಹಾಕಲಿ ಎಂಬ ಮಾತನ್ನು ತೆಗೆಯೋಣ ಎಂದು ನರ್ಸಮ್ಮ ಹೇಳಿದರು. ಅಧಿಕಾರಿಗೆ ಏನು ಮಾಡಬೇಕೆಂದು ಹೇಳಿಕೊಟ್ಟ ಹಾಗಾಗುತ್ತದೆ, ಅವರಿಗೆ ಹಿಡಿಸುವುದಿಲ್ಲ.

"ತೆಗೆಯೋದು ಬೇಡ," ಎಂದೆ. "ನಮ್ ಕಡೆ ಮಗನ್ನ ಸ್ಕೂಲಿಗೆ ಸೇರಿಸುವಾಗಲೂ ತಾಯಂದಿರು ಹೀಗೇ ಹೇಳೋದು. ಹೊಡೀರಿ ಅಂದರೆ ಅವನನ್ನ ನಿಮ್ಮ ಕೈಗೆ ಒಪ್ಪಿಸಿದ್ದೀನಿ ಅಂತ ಅರ್ಥ."

"ಅಂಗಾದ್ರೆ ಬೈಗುಳ ಇರ್ಲಿ. ಏಟು ಅಂದ್ರೆ ಆ ದೊರೆಗೆ ಬ್ಯಾರೆ ಅರ್ಥ ಆಯ್ತದೆ" ಎಂದರು. ಏಟಿನ ಮಾತು ಬಿಟ್ಟು ಬೈಗುಳ ಉಳಿಸಿಕೊಂಡೆವು.

ಕಾಗದ ಮುಗಿದಾಗ ಒಂದೇ ಹಾಳೆ, ಅದೂ ತುಂಬಿರಲಿಲ್ಲ. ತಂದೆಯ ಜ್ವರ, ದಿನವೂ ಸಂಜೆ ಒರೆಸಿದ ಬೂಟು, ಬೇಲಿಯ ಮೇಲಿನ ಒದ್ದೆ ಬಟ್ಟೆ, ಬರೆಯದೆ ಹೋದ ಪತ್ರ, ಚೆನ್ನಾಗಿ ಬೈಯಿರಿ ಎಂಬ ಕೋರಿಕೆ. ಇನ್ನು ಉಳಿದದ್ದು ಹಳೆಯ ಅರ್ಜಿಯ ಆ ಪದ. ಅದನ್ನು ಏನು ಮಾಡುವುದು?

ಅದರ ಮಾತೇ ಎತ್ತದೆ ಬಿಡಬಹುದಿತ್ತು. ಆದರೆ ಎರಡು ಕಾಗದವೂ ಒಂದೇ ಕಡತದಲ್ಲಿ ಕೂರುತ್ತವೆ. ಒಂದರಲ್ಲಿ ತಾಯಿ ಮಗ ಓಡಿಹೋದ ಎನ್ನುತ್ತಾಳೆ, ಇನ್ನೊಂದರಲ್ಲಿ ಇಲ್ಲ ಎನ್ನುತ್ತಾಳೆ. ಸುಳ್ಳಿಯಾಗುವುದು ಅವಳು. ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದರೆ ಆ ಕಾಗದ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು. ಮಿಲಿಟರಿಯವರು ನಮ್ಮ ತಾಲ್ಲೂಕು ಕಚೇರಿಯ ಅಮಲ್ದಾರರಿಗೆ ಒಂದು ಸಾಲು ಬರೆದರೆ ನನ್ನ ಮೇಜು ಜಗಲಿಯಿಂದ ಕೆಳಗಿಳಿಯುತ್ತದೆ. ಬರೆಯದಿದ್ದರೂ, ಇಂಗ್ಲಿಷ್ ಬರುವುದಿಲ್ಲವಂತೆ ಎಂಬ ಸುದ್ದಿ ಸಂತೆಯ ದಿನಕ್ಕೆ ಮುಂಚೆ ಊರೆಲ್ಲ ಹರಡುತ್ತದೆ. ನನಗಿದ್ದ ಬದುಕು ಆ ಹೆಸರೊಂದೇ.

ನರ್ಸಮ್ಮನನ್ನು ಕೇಳಿದೆ. "ನಾನ್ ಯೋಳಾಕಿಲ್ಲ. ನಿನ್ ಎಸ್ರು, ನಿನ್ ಸೈನು," ಎಂದು ಒಳಗೆ ಹೋದರು.

ಮದ್ದೂರಿಗೆ ಬಂದು ಯಂತ್ರಕ್ಕೆ ಹಾಳೆ ಏರಿಸಿದೆ. ತಾಯಿಯ ಮಾತುಗಳನ್ನೆಲ್ಲ ಟೈಪು ಮಾಡಿ, ಕೆಳಗೆ ಜಾಗ ಬಿಟ್ಟು, ಯಾರ ಸಹಾಯವೂ ಇಲ್ಲದೆ ಬರೆದೆ: ಹಿಂದಿನ ಅರ್ಜಿಯಲ್ಲಿದ್ದ ಆ ಪದವನ್ನು ಈಕೆ ಹೇಳಲಿಲ್ಲ. ಈಕೆಗೆ ಇಂಗ್ಲಿಷ್ ತಿಳಿಯದು. ಅದು ನಿಮಗೆ ಹೇಗೆ ಕೇಳಿಸುತ್ತದೆಂದು ನನಗೂ ತಿಳಿದಿರಲಿಲ್ಲ. 'ದ ವರ್ಡ್ ವಾಸ್ ಮೈನ್.' ಕೆಳಗೆ ನನ್ನ ಪೂರ್ತಿ ಹೆಸರು, ತಂದೆಯ ಹೆಸರು, ಕುಳಿತುಕೊಳ್ಳುವ ಜಾಗ.

ಆ ತಾಯಿ ಹೆಬ್ಬೆಟ್ಟು ಒತ್ತಲು ಬಂದಳು. ಕನ್ನಡದಲ್ಲಿ ಓದಿ ಹೇಳಿದೆ. ಕೇಳಿ ಮುಖ ಚಿಕ್ಕದು ಮಾಡಿಕೊಂಡಳು.

"ಇದ್ರಲ್ಲೇನದೆ? ನಾನ್ ಯೋಳಿದ್ದೇ ಅದೆ."

"ಹೌದವ್ವ."

"ಮೊದಲ್ನೇದು ಎಷ್ಟ್ ಜೋರಾಗಿತ್ತು. ಎಲ್ಡ್ ಆಳೆ ಇತ್ತು."

"ಆ ಎರಡು ಹಾಳೆಯೇ ಅವನನ್ನ ಕೆಡಿಸಿದ್ದು ಅವ್ವ."

ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳೋ, ಇನ್ನು ಬೇರೆ ದಾರಿಯಿಲ್ಲ ಎಂದುಕೊಂಡಳೋ, ಶಾಯಿಗೆ ಹೆಬ್ಬೆರಳು ಅದ್ದಿದಳು. ವಿಚಾರಣೆಗೆ ಆರು ದಿನವಿತ್ತು. ಅಂಚೆಗೆ ನಂಬಿಕೆಯಿಲ್ಲದೆ, ಬೆಂಗಳೂರಿಗೆ ಹೊರಟಿದ್ದ ವಕೀಲರ ಕೈಗೇ ಲಕೋಟೆ ಕೊಟ್ಟೆ. ದಂಡಿನ ಬಾಗಿಲಲ್ಲಿ ಕೊಟ್ಟು ರಸೀತಿ ತಂದರು.

ಆಮೇಲೆ ಯಾವ ಸುದ್ದಿಯೂ ಬರಲಿಲ್ಲ. ವಿಚಾರಣೆಯ ದಿನ ಕಳೆಯಿತು, ಅದರ ಮೇಲೆ ಒಂದು ತಿಂಗಳು ಕಳೆಯಿತು. ಅಂಚೆಯವನು ಜಗಲಿಯ ಮುಂದೆ ಹಾದಾಗಲೆಲ್ಲ ನನ್ನ ಬೆರಳು ತಪ್ಪು ಅಕ್ಷರದ ಮೇಲೆ ಬೀಳುತ್ತಿತ್ತು. ನಿಡಘಟ್ಟದಿಂದ ಗಾಡಿ ಬಂದರೆ ಎದ್ದು ಕೇಳುತ್ತಿದ್ದೆ. ಅವರಿಗೂ ಗೊತ್ತಿರಲಿಲ್ಲ. ಈ ನಡುವೆ ಕೆರಗೋಡಿನ ಕಡೆಯ ಒಬ್ಬ ಗೌಡರು ಬಂದು ಅರ್ಜಿ ಬರೆಸಿದರು. ಚಿಕ್ಕದಾಗಿ, ಅವರು ಹೇಳಿದ ಹಾಗೇ ಬರೆದುಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ಇಷ್ಟೇನಾ?" ಎಂದು ಹಾಳೆಯನ್ನು ಅಲ್ಲೇ ಬಿಟ್ಟು ಮಂಡ್ಯದಲ್ಲಿ ಬರೆಸುತ್ತೇನೆಂದು ಹೋದರು. ನಾನು ಕರೆಯಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಕಚೇರಿಗೆ ಬೀಗ ಹಾಕಿತ್ತು. ರಿಬ್ಬನ್ನಿಗೆ ಎಣ್ಣೆ ಹಾಕಲೆಂದು ನಾನೊಬ್ಬನೇ ಜಗಲಿಗೆ ಬಂದಿದ್ದೆ. ಬಸ್ಸಿಳಿದು ಇಬ್ಬರು ಬಂದರು. ಆ ತಾಯಿ ಮುಂದೆ, ಖಾಕಿ ತೊಟ್ಟ ಎತ್ತರದ ಯುವಕ ಹಿಂದೆ. ತಲೆ ನುಣ್ಣಗೆ ಬೋಳಿಸಿತ್ತು.

"ಇಪ್ಪತ್ತೆಂಟ್ ದಿನ ಕೂಡಾಕಿದ್ರು," ಎಂದು ಅವಳೇ ಹೇಳಿದಳು. "ಈಗ ಲಾರಿ ವಾಪಸ್ ಕೊಟ್ಟವ್ರೆ. ಒಂದಿನ ರಜ. ಇವತ್ ಸಂಜೇಗೇ ಒಯ್ತನೆ. ನಾನೇ ಬಸ್ ಅತ್ತುಸ್ತೀನಿ, ಇವನ್ ನಂಬಾಕಿಲ್ಲ."

ಮಗ ನಾಚಿ ನಕ್ಕ. ನಾನು ಮೆಟ್ಟಿಲ ಮೇಲೆ ಜಾಗ ಮಾಡಿದೆ. ಎಣ್ಣೆಯ ಬಟ್ಟಲನ್ನು ಕೆಳಗಿಟ್ಟೆ. ವಿಚಾರಣೆ ಹೇಗಾಯಿತು ಎಂದು ಕೇಳಿದೆ.

ಒಂದು ಉದ್ದದ ಮೇಜು, ಮೂವರು ಅಧಿಕಾರಿಗಳು ಎಂದ. ಇವನ ಕಂಪನಿಯ ಸಾಹೇಬರು ಕಾಗದ ಎತ್ತಿಕೊಂಡು ಮಿಕ್ಕ ಇಬ್ಬರಿಗೆ ಗಟ್ಟಿಯಾಗಿ ಓದಿದರಂತೆ. ಬೂಟಿನ ಸಾಲು ಬಂದಾಗ ತಲೆಯೆತ್ತಿ ಇವನ ಕಾಲ ಕಡೆ ನೋಡಿದರಂತೆ. ಬೈಯಿರಿ ಎಂಬಲ್ಲಿ ಒಬ್ಬರು ಕೆಮ್ಮಿ ನಗು ಮುಚ್ಚಿಕೊಂಡರಂತೆ.

"ನನ್ನ ಹೆಸರು ಓದಿದರಾ?"

"ಓದುದ್ರು ಸಾರ್. ಪೂರ್ತಿ ಓದುದ್ರು. ಏನೂ ಅನ್ನಿಲ್ಲ, ಹಳೇ ಅರ್ಜೀನ ತಗ್ದು ಬೇರೆ ಕಡೆ ಮಡಗುದ್ರು. ಆಮ್ಯಾಕೆ ಸಾಯೇಬ್ರು ನನ್ನ ಒಂದ್ ಮಾತ್ ಕೇಳುದ್ರು. ನಿಮ್ ತಾಯಿಗೆ ಇಂಗ್ಲಿಷ್ ಬರಾಕಿಲ್ಲ ಅಂತ ಇಲ್ಲಿ ಬರ್ದದಲ್ಲ, ನಿಜವಾ ಅಂದ್ರು. ಊಂ ಸಾರ್, ಎಬ್ಬೆಟ್ಟು ಅಂದೆ. ಅವ್ರು ಆ ಕಾಗ್ದನೇ ನೋಡ್ತಾ, ನಂಬಾಕ್ ಆಗಾಕಿಲ್ಲ, ಎದುರ್ಗೆ ನಿಂತ್ಕಂಡ್ ಮಾತಾಡ್ದಂಗದೆ ಅಂದ್ರು."

ತಾಯಿಗೆ ಮಗನ ಮಾತು ಅರ್ಧ ಗಾಳಿಗೆ ಹೋಗಿತ್ತು. "ಏನಂದ್ನಂತಪ್ಪ ದೊರೆ?" ಎಂದು ನನ್ನನ್ನು ಕೇಳಿದಳು.

ನೀನೇ ಎದುರಿಗೆ ನಿಂತು ಮಾತಾಡಿದ ಹಾಗಿತ್ತಂತೆ ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಮಗನ ತೋಳು ಹಿಡಿದು ಎದ್ದು ನಿಂತಳು.

"ಅಂಗಾರೆ ನಾನಂದಿದ್ದು ಅವ್ನಿಗ್ ಕೇಳುಸ್ತು ಅನ್ನು."